ಓದಿದ್ದು ತಲೆಗೆ ಹೋಗಬೇಕಾದರೆ: ಪ್ರಾಥಮಿಕ ತರಗತಿಯಲ್ಲಿ ಅರ್ಥ ಹಿಡಿದು ಓದುವುದನ್ನು ಕಲಿಸುವ ಬಗೆ

ಮೊದಲು ಈ ವಾಕ್ಯ ಓದಿ: ‘ಸುಳುಕು ಗಬ್ಬಳೆಗಳು ಸಂಜೆ ಮಿಡ್ಲಿಯಲ್ಲಿ ತೊರಪಿದವು.’

ಈಗ ಮೂರು ಪ್ರಶ್ನೆ. ಗಬ್ಬಳೆಗಳು ಎಲ್ಲಿ ತೊರಪಿದವು? ಯಾವಾಗ ತೊರಪಿದವು? ಎಂಥ ಗಬ್ಬಳೆಗಳು ಅವು? ಮೂರಕ್ಕೂ ನೀವು ಸರಿಯಾದ ಉತ್ತರ ಬರೆಯಬಲ್ಲಿರಿ, ಪೂರ್ತಿ ಅಂಕವೂ ಸಿಗುತ್ತದೆ. ಗಬ್ಬಳೆ ಅಂದರೆ ಏನು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಅದು ಸುಮ್ನೆ ಕಟ್ಟಿದ ಪದ.

ತರಗತಿಯ ಪ್ರಶ್ನೋತ್ತರ ಬಹುಪಾಲು ಹೀಗೇ ನಡೆಯುತ್ತದೆ. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕು, ಅದಿರುವ ವಾಕ್ಯವನ್ನು ಎತ್ತಿ ನೋಟ್ಸಿಗೆ ಇಳಿಸು. ಮಕ್ಕಳು ಈ ಕೆಲಸದಲ್ಲಿ ಬಲು ಚುರುಕು. ನೋಟ್ಸ್ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಪಾಠದಲ್ಲಿ ಇಲ್ಲದ ಪದ ಬಳಸಿ ಒಂದು ಪ್ರಶ್ನೆ ಕೇಳಿ ನೋಡಿ, ಇಡೀ ತರಗತಿ ಮೌನ.

ಇದು ಹೊಸ ಕಾಯಿಲೆಯೇನಲ್ಲ. ಅಮೆರಿಕದ ಸಂಶೋಧಕಿ ಡೊಲೊರೆಸ್ ಡರ್ಕಿನ್ ಶಾಲೆಗಳಿಗೆ ಹೋಗಿ ನಾಲ್ಕನೇ ತರಗತಿಯ ಓದಿನ ಪಾಠಗಳನ್ನು ಒಟ್ಟು 4,469 ನಿಮಿಷ ಕೂತು ಗಮನಿಸಿದರು. 1978-79ರಲ್ಲಿ ಅದರ ವರದಿ ಪ್ರಕಟವಾಯಿತು. ಅಷ್ಟು ಹೊತ್ತಿನಲ್ಲಿ ಅರ್ಥಮಾಡಿಕೊಳ್ಳುವುದು ಹೇಗೆ ಎಂದು ಕಲಿಸಿದ್ದು 20 ನಿಮಿಷ. ಪ್ರಶ್ನೆ ಕೇಳಿ ಉತ್ತರ ಸರಿಯೋ ತಪ್ಪೋ ನೋಡುವುದು, ಅಭ್ಯಾಸದ ಕೆಲಸ ಕೊಡುವುದು ಇವಕ್ಕೆ ಬೇಕಾದಷ್ಟು ಹೊತ್ತು ಹೋಗಿತ್ತು. ಅಂದರೆ ಮಗುವಿಗೆ ಅರ್ಥವಾಗಿದೆಯೇ ಎಂದು ದಿನವೂ ಪರೀಕ್ಷೆ. ಅರ್ಥಮಾಡಿಕೊಳ್ಳುವ ದಾರಿ ತೋರಿಸಿದವರು ಯಾರೂ ಇಲ್ಲ.

ಚೆನ್ನಾಗಿ ಓದುವವರ ತಲೆಯೊಳಗೆ ಓದುವಾಗಲೇ ಒಂದಿಷ್ಟು ಕೆಲಸ ನಡೆಯುತ್ತಿರುತ್ತದೆ. ಅದು ಹೊರಗೆ ಕಾಣುವುದಿಲ್ಲ. ಅದನ್ನು ಹೊರಗೆ ತಂದು ತೋರಿಸುವುದು, ಮಕ್ಕಳ ಕೈಯಲ್ಲಿ ಮಾಡಿಸುವುದು, ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿಯುವುದು. ಈ ಮಾರ್ಗದರ್ಶಿ ಇರುವುದು ಅದಕ್ಕೆ.

ತೊಡಕು ಎಲ್ಲಿದೆ ಎಂದು ಮೊದಲು ನೋಡಿ

‘ಈ ಮಗುವಿಗೆ ಓದಿದ್ದು ಅರ್ಥವಾಗುವುದಿಲ್ಲ’ ಎಂಬ ಒಂದೇ ದೂರಿನ ಹಿಂದೆ ಎರಡು ಬೇರೆ ಬೇರೆ ತೊಂದರೆ ಇರಬಹುದು. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಇದನ್ನು ಒಂದು ಸರಳ ಲೆಕ್ಕದಲ್ಲಿ ಹೇಳಿದರು. ಅಕ್ಷರ ಬಿಡಿಸಿ ಓದುವ ಸಾಮರ್ಥ್ಯ ಒಂದು, ಕೇಳಿದ ಮಾತನ್ನು ಅರ್ಥಮಾಡಿಕೊಳ್ಳುವ ಸಾಮರ್ಥ್ಯ ಇನ್ನೊಂದು. ಎರಡನ್ನೂ ಗುಣಿಸಿದರೆ ಓದಿನ ಗ್ರಹಿಕೆ. ಕೂಡಿಸುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ.

ತೊಡಕು ಎಲ್ಲಿದೆ ಎಂದು ತಿಳಿಯಲು ದೊಡ್ಡ ಪರೀಕ್ಷೆ ಬೇಡ. ಒಂದೇ ಮಟ್ಟದ ಎರಡು ಸಣ್ಣ ಗದ್ಯಭಾಗ ತೆಗೆದುಕೊಳ್ಳಿ. ಒಂದನ್ನು ಮಗು ನಿಮಗೆ ಓದಿ ಹೇಳಲಿ. ಇನ್ನೊಂದನ್ನು ನೀವು ಮಗುವಿಗೆ ಓದಿ ಹೇಳಿ. ಎರಡರಲ್ಲೂ ಕೊನೆಗೆ ಒಂದೇ ಮಾತು: ‘ಇದರಲ್ಲಿ ಏನಿತ್ತು, ನಿನ್ನ ಮಾತಿನಲ್ಲಿ ಹೇಳು ನೋಡೋಣ.’

ನೀವು ಓದಿದ್ದನ್ನು ಚೆನ್ನಾಗಿ ಹೇಳಿ, ತಾನೇ ಓದಿದ್ದರಲ್ಲಿ ತಡವರಿಸಿದರೆ ತೊಂದರೆ ಇರುವುದು ಅಕ್ಷರದಲ್ಲಿ. ಒತ್ತಕ್ಷರ ಬಂದಲ್ಲೆಲ್ಲ ನಿಂತು ಬಿಡಿಸುವ ಮಗುವಿಗೆ ವಾಕ್ಯದ ಕೊನೆ ತಲುಪುವ ಹೊತ್ತಿಗೆ ಮೊದಲು ಏನಿತ್ತು ಅಂತಲೇ ನೆನಪಿರುವುದಿಲ್ಲ. ಅಂಥ ಮಗುವಿಗೆ ದಿನವೂ ಓದಿನ ಅಭ್ಯಾಸ ಬೇಕು. ಮುಂದೆ ಹೇಳುವ ತಂತ್ರಗಳು ಆ ಅಭ್ಯಾಸಕ್ಕೆ ಬದಲಿಯಾಗುವುದಿಲ್ಲ. ನೀವು ಓದಿ ಹೇಳಿದ್ದೂ ಅರ್ಥವಾಗದಿದ್ದರೆ ತೊಂದರೆ ಪದಸಂಪತ್ತಿನಲ್ಲೋ, ವಿಷಯದ ಪರಿಚಯದಲ್ಲೋ ಇದೆ. ಓದುವುದು ಸರಾಗ, ಮಾತಿನಲ್ಲಿ ಹೇಳಿದರೂ ಅರ್ಥವಾಗುತ್ತದೆ, ಓದಿದಾಗ ಮಾತ್ರ ತಲೆ ಖಾಲಿ ಎನ್ನುವ ಮಕ್ಕಳೂ ಇರುತ್ತಾರೆ. ಈ ತಂತ್ರಗಳ ಲಾಭ ಹೆಚ್ಚು ಆಗುವುದು ಅವರಿಗೇ.

ಒಂದು, ಎರಡನೇ ತರಗತಿಯವರು ಇನ್ನೂ ಅಕ್ಷರದ ಜೊತೆ ಗುದ್ದಾಡುತ್ತಿರುತ್ತಾರೆ. ಹಾಗಂತ ಕಾಯಬೇಕಿಲ್ಲ. ನೀವು ಕತೆ ಓದಿ ಹೇಳುತ್ತಾ ಇದೆಲ್ಲವನ್ನೂ ಮಾತಿನಲ್ಲೇ ಮಾಡಿಸಬಹುದು.

ಗದ್ಯಭಾಗ ಆರಿಸುವುದು, ಗುರುತು ಹಾಕಿಕೊಳ್ಳುವುದು

ಹೊಸ ತಂತ್ರ ಕಲಿಸುವ ದಿನ ಉದ್ದದ ಪಾಠ ಬೇಡ. ಒಂದು ಪುಟದೊಳಗೆ ಮುಗಿಯುವಂಥದ್ದು ಸಾಕು. ಪದಗಳು ಸುಲಭವಾಗಿರಲಿ, ಯೋಚಿಸಲು ಮಾತ್ರ ಏನಾದರೂ ಇರಲಿ. ಎಲ್ಲವನ್ನೂ ಬಿಡಿಸಿ ಹೇಳಿಬಿಡುವ ಪಾಠದಲ್ಲಿ ಮಗುವಿಗೆ ಮಾಡಲು ಕೆಲಸವೇ ಇರುವುದಿಲ್ಲ.

ಹಿಂದಿನ ದಿನ ನೀವೇ ಒಮ್ಮೆ ಮಗುವಿನ ಕಣ್ಣಿನಿಂದ ಓದಿ. ಎಲ್ಲಿ ನಿಂತಿರಿ, ಎಲ್ಲಿ ಹಿಂದೆ ಹೋಗಿ ನೋಡಿದಿರಿ, ಎಲ್ಲಿ ಏನೋ ಅನ್ನಿಸಿತು? ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಒಂದು ಪುಟಕ್ಕೆ ಮೂರು ನಾಲ್ಕು ಗುರುತು ಸಾಕು. ಸಾಲಿಗೊಮ್ಮೆ ನಿಲ್ಲಿಸಿದರೆ ಕತೆ ಸತ್ತೇ ಹೋಗುತ್ತದೆ.

ಇನ್ನೊಂದು ವಿಷಯ, ಇದನ್ನು ಮೇಷ್ಟ್ರುಗಳು ಜಾಸ್ತಿ ಮರೆಯುತ್ತಾರೆ. ವಿಷಯದ ಪರಿಚಯ ಇಲ್ಲದಿದ್ದರೆ ಯಾವ ತಂತ್ರವೂ ಕೈ ಹಿಡಿಯುವುದಿಲ್ಲ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಇಬ್ಬರು ಸಂಶೋಧಕಿಯರು 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅದನ್ನು ಹೇಳಿ ತೋರಿಸಿದರು. ಹಾಗಾಗಿ ಪಾಠಕ್ಕೆ ಮುಂಚೆ ಐದು ನಿಮಿಷ ವಿಷಯದ ಬಗ್ಗೆ ಮಾತಾಡಿ, ಚಿತ್ರವೋ ವಸ್ತುವೋ ತೋರಿಸಿ. ಆದರೆ ಪಾಠದ ಸಾರವನ್ನೇ ಹೇಳಿಬಿಡಬೇಡಿ, ಆಮೇಲೆ ಓದುವುದು ಯಾಕೆ ಅಲ್ವಾ? ಆಗುವುದಾದರೆ ಒಂದೇ ವಿಷಯದ ಮೇಲೆ ಮೂರು ನಾಲ್ಕು ಬರಹಗಳನ್ನು ಸಾಲಾಗಿ ಓದಿಸಿ. ಇರುವೆಯ ಬಗ್ಗೆ ಮೊದಲನೆಯದು ಓದಿದ ಮಗು ನಾಲ್ಕನೆಯದನ್ನು ಓದುವ ಹೊತ್ತಿಗೆ ಅರ್ಧ ತಜ್ಞನಾಗಿರುತ್ತದೆ.

ಕಠಿಣ ಪದಗಳ ಉದ್ದ ಪಟ್ಟಿ ಬೋರ್ಡಿನ ಮೇಲೆ ಬೇಡ. ಅರ್ಥಕ್ಕೆ ಅಡ್ಡ ಬರುವ ಮೂರು ನಾಲ್ಕು ಪದಗಳನ್ನು ಮಾತ್ರ ಮೊದಲೇ ಹೇಳಿ. ಸಣ್ಣ ಪದಗಳ ಮೇಲೆ ಕಣ್ಣಿರಲಿ. ‘ಆದರೂ’, ‘ಹೀಗಾಗಿ’, ‘ಅಷ್ಟರಲ್ಲಿ’, ‘ಇಲ್ಲದಿದ್ದರೆ’ ಇಂಥವನ್ನು ಯಾರೂ ಕಠಿಣ ಪದ ಅಂತ ಪಟ್ಟಿಗೆ ಸೇರಿಸುವುದಿಲ್ಲ. ಆದರೆ ಮಕ್ಕಳು ದಾರಿ ತಪ್ಪುವುದು ಅಲ್ಲೇ. ‘ಅವನು’, ‘ಅದು’, ‘ಅಲ್ಲಿ’ ಬಂದಾಗ ಯಾರು, ಯಾವುದು, ಎಲ್ಲಿ ಎಂದು ಕೇಳಿ ನೋಡಿ. ಬರುವ ಉತ್ತರಗಳು ನಿಮ್ಮನ್ನು ಬೆಚ್ಚಿಬೀಳಿಸಬಹುದು.

ಯೋಚನೆಯನ್ನು ಗಟ್ಟಿಯಾಗಿ ಆಡಿ ತೋರಿಸುವುದು

ಇಡೀ ಕೆಲಸದ ಜೀವ ಇರುವುದು ಈ ಹಂತದಲ್ಲಿ. ನೀವು ಓದುತ್ತಾ, ನಡುವೆ ನಿಂತು, ನಿಮ್ಮ ತಲೆಯಲ್ಲಿ ಏನು ಓಡುತ್ತಿದೆ ಎಂಬುದನ್ನು ಮಕ್ಕಳಿಗೆ ಕೇಳುವಂತೆ ಹೇಳುತ್ತೀರಿ. ಈ ಸಣ್ಣ ಭಾಗವನ್ನೇ ತೆಗೆದುಕೊಳ್ಳೋಣ:

‘ರವಿ ಎದ್ದವನೇ ಕಿಟಕಿ ತೆರೆದ. ಅಂಗಳದ ತುಂಬ ನೀರು ನಿಂತಿತ್ತು. ಅವನ ಮುಖ ಸಪ್ಪಗಾಯಿತು. ಬಾಗಿಲ ಹಿಂದೆ ಒರಗಿಸಿಟ್ಟಿದ್ದ ಬ್ಯಾಟನ್ನು ತೆಗೆದು ಮಂಚದ ಕೆಳಗೆ ತಳ್ಳಿದ. ಅಕ್ಕ ಅದನ್ನು ನೋಡಿದಳು. ಏನೂ ಮಾತಾಡದೆ ಅವನ ಪಕ್ಕ ಬಂದು ಕೂತಳು.’

ಮೊದಲು ಮಕ್ಕಳಿಗೆ ಹೇಳಿ: ‘ಪುಸ್ತಕ ಕಣ್ಣೆದುರು ಹಿಡಿದಿದ್ದರೆ ನಾನು ಓದುತ್ತಿದ್ದೇನೆ. ಎದೆಗೆ ಒತ್ತಿ ಹಿಡಿದರೆ ಯೋಚಿಸುತ್ತಿದ್ದೇನೆ.’ ಈ ಸಣ್ಣ ಗುರುತು ಇಲ್ಲದಿದ್ದರೆ ಪುಸ್ತಕದ ಮಾತು ಯಾವುದು, ನಿಮ್ಮ ಮಾತು ಯಾವುದು ಎಂದು ಚಿಕ್ಕವರಿಗೆ ಗೊಂದಲವಾಗುತ್ತದೆ. ಆಮೇಲೆ ಹೀಗೆ ಸಾಗಬಹುದು:

ಮೊದಲ ಎರಡು ವಾಕ್ಯ ಓದಿ ಪುಸ್ತಕ ಎದೆಗೆ ಒತ್ತಿ: ‘ಅಂಗಳದಲ್ಲಿ ನೀರು. ಯಾರಾದರೂ ಅಂಗಳ ತೊಳೆದಿರಬಹುದೇ? ತೊಳೆದಿದ್ದರೆ ಒದ್ದೆಯಾಗಿರುತ್ತಿತ್ತು, ಆದರೆ ಇಲ್ಲಿ ತುಂಬ ನೀರು ನಿಂತಿತ್ತು ಅಂತ ಇದೆ. ಓದಿ ನೋಡೋಣ.’

ಮೂರನೇ ವಾಕ್ಯ ಓದಿ: ‘ಅವನ ಮುಖ. ಯಾರ ಮುಖ? ರವಿಯದೇ, ಬೇರೆ ಯಾರೂ ಇನ್ನೂ ಬಂದಿಲ್ಲ. ನೀರು ನೋಡಿ ಯಾಕೆ ಸಪ್ಪಗಾದ? ಇದು ನನಗೆ ಇನ್ನೂ ಗೊತ್ತಾಗಲಿಲ್ಲ.’

ಬ್ಯಾಟಿನ ವಾಕ್ಯ ಓದಿ: ‘ಓಹೋ. ಬ್ಯಾಟ್ ಬಾಗಿಲ ಹಿಂದೆ, ಕೈಗೆ ಸಿಗುವ ಹಾಗೆ ಇತ್ತು. ಆಡಲು ಹೋಗಬೇಕು ಅಂತ ತಯಾರಾಗಿದ್ದ ಅನ್ನಿಸುತ್ತದೆ. ಈಗ ಅದನ್ನು ಕೆಳಗೆ ತಳ್ಳಿಬಿಟ್ಟ. ಹಾಗಾದರೆ ರಾತ್ರಿ ಮಳೆ ಬಂದಿರಬೇಕು, ಆಟ ಕೆಟ್ಟಿತು. ಅಂಗಳ ತೊಳೆದರು ಅಂದುಕೊಂಡಿದ್ದನ್ನು ಬಿಟ್ಟುಬಿಡುತ್ತೇನೆ.’

ಮಳೆ ಎಂಬ ಪದ ಇಡೀ ಭಾಗದಲ್ಲಿ ಎಲ್ಲೂ ಇಲ್ಲ. ಆಟ ಎಂಬ ಪದವೂ ಇಲ್ಲ. ಅದು ನಿಮಗೆ ಹೇಗೆ ಸಿಕ್ಕಿತು ಎಂಬುದನ್ನು ಮಕ್ಕಳು ಕಿವಿಯಾರೆ ಕೇಳಿದರು. ಮೊದಲ ಊಹೆಯನ್ನು ನೀವು ಬಿಟ್ಟುಕೊಟ್ಟದ್ದನ್ನೂ ಕೇಳಿದರು. ಮೇಷ್ಟ್ರಿಗೂ ಮೊದಲ ಸಲಕ್ಕೇ ಎಲ್ಲ ಹೊಳೆಯುವುದಿಲ್ಲ ಎಂದು ಗೊತ್ತಾಗುವುದು ಮಕ್ಕಳಿಗೆ ದೊಡ್ಡ ಧೈರ್ಯ.

ಇಲ್ಲಿ ಮೂರು ಎಚ್ಚರಿಕೆ. ಒಂದು ನಿಲ್ದಾಣಕ್ಕೆ ಎರಡು ಮೂರು ವಾಕ್ಯ ಸಾಕು, ಭಾಷಣ ಬೇಡ. ನಿಮ್ಮ ಯೋಚನೆಯ ನಡುವೆ ‘ಯಾಕೆ ಹೇಳಿ ಮಕ್ಕಳೇ?’ ಎಂದು ಪ್ರಶ್ನೆ ಎಸೆಯಬೇಡಿ, ಎಸೆದರೆ ಮತ್ತೆ ಪರೀಕ್ಷೆ ಶುರುವಾಯಿತು. ಮತ್ತೆ ಒಂದು ದಿನಕ್ಕೆ ಒಂದೇ ತಂತ್ರದ ಮೇಲೆ ಬೆಳಕು ಬೀಳಲಿ. ಬೇರೆ ತಂತ್ರಗಳು ತಾವಾಗಿ ನುಸುಳಿದರೆ ನುಸುಳಲಿ, ಅವುಗಳ ಹೆಸರು ಹೇಳಬೇಡಿ.

ಕೊನೆಯಲ್ಲಿ ಒಂದು ಮಾತು ಸೇರಿಸಿ: ‘ನಾನು ಏನು ಮಾಡಿದೆ ಗಮನಿಸಿದಿರಾ? ಪುಸ್ತಕ ಹೇಳಿದ್ದನ್ನು ನನಗೆ ಮೊದಲೇ ಗೊತ್ತಿದ್ದದ್ದರ ಜೊತೆ ಸೇರಿಸಿದೆ. ನಿಮಗೂ ಎಲ್ಲೋ ಅರ್ಥವಾಗದೆ ನಿಂತಾಗ ಹೀಗೆ ಮಾಡಿ.’ ಯಾವಾಗ ಬಳಸಬೇಕು ಎಂದು ಹೇಳದೆ ಬಿಟ್ಟರೆ ಮಕ್ಕಳು ಅದನ್ನು ನಿಮ್ಮ ಪಾಠದಲ್ಲಿ ಮಾತ್ರ ಮಾಡುತ್ತಾರೆ, ಒಬ್ಬರೇ ಓದುವಾಗ ಮಾಡುವುದಿಲ್ಲ.

ಯಾವ ತಂತ್ರ, ಹೇಗೆ

*ಅರ್ಥ ತಪ್ಪಿದ್ದನ್ನು ಹಿಡಿಯುವುದು.* ನನ್ನ ಪ್ರಕಾರ ಮೊದಲು ಕಲಿಸಬೇಕಾದ್ದು ಇದನ್ನೇ. ತನಗೆ ಅರ್ಥವಾಗಿಲ್ಲ ಎಂಬುದೇ ಮಗುವಿಗೆ ಗೊತ್ತಾಗದಿದ್ದರೆ ಉಳಿದ ತಂತ್ರಗಳನ್ನು ಅದು ಯಾಕೆ ಬಳಸುತ್ತದೆ? 1979ರಲ್ಲಿ ಎಲೆನ್ ಮಾರ್ಕ್‌ಮನ್ ಎಂಬ ಮನಶ್ಶಾಸ್ತ್ರಜ್ಞೆ 3, 5 ಮತ್ತು 6ನೇ ತರಗತಿಯ ಮಕ್ಕಳಿಗೆ ಸಣ್ಣ ಬರಹಗಳನ್ನು ಓದಿ ಹೇಳಿದರು. ಒಂದರಲ್ಲಿ ಸಮುದ್ರದ ತಳದಲ್ಲಿ ಒಂದಿಷ್ಟೂ ಬೆಳಕಿಲ್ಲ ಅಂತ ಇತ್ತು. ಅಲ್ಲಿನ ಕೆಲವು ಮೀನುಗಳು ಬಣ್ಣ ನೋಡಿ ಆಹಾರ ಗುರುತಿಸುತ್ತವೆ ಅಂತಲೂ ಇತ್ತು. ಅನೇಕ ಮಕ್ಕಳಿಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಇದನ್ನೇ ಆಟ ಮಾಡಿ. ಐದಾರು ವಾಕ್ಯದ ಭಾಗ ಬರೆದು ಒಂದು ಎಡವಟ್ಟು ಅಡಗಿಸಿ. ‘ಮನೆಯಲ್ಲಿ ಯಾರೂ ಇರಲಿಲ್ಲ’ ಎಂದು ಶುರುಮಾಡಿ ಮೂರು ವಾಕ್ಯದ ನಂತರ ‘ಅಜ್ಜ ಒಳಗಿನಿಂದ ಕೂಗಿದರು’ ಎಂದು ಬರೆದರೂ ಸಾಕು. ‘ಇದರಲ್ಲಿ ಒಂದು ತಪ್ಪಿದೆ’ ಎಂದು ಮೊದಲೇ ಹೇಳಿ ಹುಡುಕಿಸಿ. ಕೆಲವು ದಿನ ಕಳೆದ ಮೇಲೆ ಹೇಳದೆಯೇ ಸೇರಿಸಿ, ಯಾರು ತಡೆಯುತ್ತಾರೆ ನೋಡಿ.

ಜೊತೆಗೆ ಪೆನ್ಸಿಲ್ ಕೊಡಿ. ಅರ್ಥವಾದ ಪ್ಯಾರಾದ ಪಕ್ಕ ಸರಿ ಗುರುತು, ಆಗದಿದ್ದಲ್ಲಿ ಪ್ರಶ್ನೆ ಗುರುತು. ಪ್ರಶ್ನೆ ಗುರುತು ಹಾಕಿದ ಮೇಲೆ ಏನು ಮಾಡಬೇಕು ಎಂಬುದನ್ನೂ ಗೋಡೆಯ ಮೇಲೆ ಬರೆದು ಹಚ್ಚಿ: ಹಿಂದಿನ ವಾಕ್ಯಕ್ಕೆ ಹೋಗಿ ನಿಧಾನ ಓದು. ‘ಅವನು, ಅದು’ ಅಂದರೆ ಯಾರು ನೋಡು. ಇನ್ನೆರಡು ವಾಕ್ಯ ಮುಂದೆ ಓದಿ ನೋಡು. ಆಗಲೂ ಆಗದಿದ್ದರೆ ಕೇಳು. ಪ್ರಶ್ನೆ ಗುರುತು ಹಾಕಿದ ಮಗುವನ್ನು ಹೊಗಳಿ. ಪುಟದ ತುಂಬ ಸರಿ ಗುರುತು ಹಾಕಿದವನ ಹತ್ತಿರ ಹೋಗಿ ಮೆಲ್ಲಗೆ ಒಂದು ಪ್ಯಾರಾ ಹೇಳಿಸಿ ನೋಡಿ.

*ಹೇಳದ್ದನ್ನು ತಿಳಿಯುವುದು.* ರವಿಯ ಕತೆಯಲ್ಲಿ ಮಾಡಿದ್ದು ಇದೇ. ಬೋರ್ಡಿನಲ್ಲಿ ಮೂರು ಅಂಕಣ ಎಳೆಯಿರಿ: ‘ಪುಸ್ತಕ ಹೇಳಿದ್ದು’, ‘ನನಗೆ ಗೊತ್ತಿರುವುದು’, ‘ಹಾಗಾದರೆ’. ಅಕ್ಕ ಮಾತಾಡದೆ ಪಕ್ಕ ಬಂದು ಕೂತಳು. ಬೇಜಾರಾದವರ ಜೊತೆ ಕೆಲವೊಮ್ಮೆ ಸುಮ್ಮನೆ ಕೂರುತ್ತೇವೆ. ಹಾಗಾದರೆ ಅವಳಿಗೆ ಅವನ ಬೇಜಾರು ಗೊತ್ತಾಗಿದೆ.

ಇಲ್ಲಿ ಒಬ್ಬ ಖಂಡಿತ ಎದ್ದು ನಿಂತು ‘ಬ್ಯಾಟ್ ಮುರಿದುಹೋಗಿತ್ತು ಮಿಸ್’ ಅನ್ನುತ್ತಾನೆ. ತಪ್ಪು ಎಂದು ಕೂರಿಸಬೇಡಿ, ಸರಿ ಎಂದು ಬಿಡಲೂಬೇಡಿ. ‘ಯಾವ ವಾಕ್ಯ ನೋಡಿ ಹಾಗನ್ನಿಸಿತು?’ ಎಂದು ಕೇಳಿ. ವಾಕ್ಯ ತೋರಿಸಲಾಗದ ಊಹೆ ತಾನಾಗಿ ಬಿದ್ದುಹೋಗುತ್ತದೆ. ಈ ಒಂದು ಪ್ರಶ್ನೆಯನ್ನು ಸರಿ ಉತ್ತರ ಕೊಟ್ಟವರಿಗೂ ಕೇಳುವ ರೂಢಿ ಇರಲಿ. ತಪ್ಪಿದವರಿಗೆ ಮಾತ್ರ ಕೇಳಿದರೆ, ಕೇಳಿದ ಕೂಡಲೇ ತಾನು ತಪ್ಪಿದೆ ಎಂದು ಮಗು ಹೆದರುತ್ತದೆ.

ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಪರಿಶೀಲಿಸಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದದ್ದು ಗೊತ್ತಾಯಿತು. ಅದನ್ನು ಮೂರು ಸೆಕೆಂಡ್‌ಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಮೂರು ಸೆಕೆಂಡ್ ಅಂದರೆ ಏನು ಮಹಾ ಅನ್ನಿಸಬಹುದು. ತರಗತಿಯ ಎದುರು ನಿಂತು ಎಣಿಸಿ ನೋಡಿ, ಯುಗದ ಹಾಗೆ ಅನ್ನಿಸುತ್ತದೆ.

*ಪ್ರಶ್ನೆಯ ಉತ್ತರ ಎಲ್ಲಿದೆ?* ಟ್ಯಾಫಿ ರಾಫೆಲ್ ಎಂಬ ಸಂಶೋಧಕಿ 1980ರ ದಶಕದಲ್ಲಿ ಪ್ರಶ್ನೆಗಳನ್ನು ಉತ್ತರ ಸಿಗುವ ಜಾಗದ ಮೇಲೆ ನಾಲ್ಕು ಬಗೆ ಮಾಡಿದರು. ಒಂದೇ ವಾಕ್ಯದಲ್ಲಿ ಸಿಗುವುದು, ಎರಡು ಮೂರು ಕಡೆಯಿಂದ ಹುಡುಕಿ ಜೋಡಿಸಬೇಕಾದ್ದು, ಪಾಠ ಹೇಳಿದ್ದಕ್ಕೆ ನಮಗೆ ಗೊತ್ತಿದ್ದದ್ದು ಸೇರಿಸಬೇಕಾದ್ದು, ಪಾಠ ಓದದೆಯೂ ನಮ್ಮ ಅನುಭವದಿಂದ ಹೇಳಬಹುದಾದ್ದು. ಚಿಕ್ಕವರಿಗೆ ನಾಲ್ಕು ಜಾಸ್ತಿಯಾಯಿತು. ‘ಪುಸ್ತಕದಲ್ಲಿದೆ’, ‘ತಲೆಯಲ್ಲಿದೆ’ ಎಂಬ ಎರಡರಿಂದ ಶುರುಮಾಡಿ. ಉತ್ತರ ಹೇಳುವ ಮುಂಚೆ ಬಗೆ ಹೇಳಬೇಕು ಎಂಬ ನಿಯಮ ಇಟ್ಟರೆ, ಪದ ಹುಡುಕಿ ವಾಕ್ಯ ಎತ್ತುವ ಚಾಳಿ ಸುಮಾರಾಗಿ ಕಡಿಮೆಯಾಗುತ್ತದೆ.

ಕೆಲವು ದಿನ ಬಿಟ್ಟು ಪ್ರಶ್ನೆ ಮಾಡುವ ಕೆಲಸವನ್ನೇ ಮಕ್ಕಳಿಗೆ ವಹಿಸಿ. ‘ರವಿ ಏನು ತೆರೆದ?’ ಎಂಬಂಥ ಪ್ರಶ್ನೆಗಳೇ ಮೊದಲು ಬರುವುದು. ಬರಲಿ. ‘ಯಾಕೆ’, ‘ಹೇಗೆ ಗೊತ್ತಾಯಿತು’, ‘ಹಾಗಾಗದಿದ್ದರೆ’ ಎಂಬ ಮೂರು ಶುರುಗಳನ್ನು ಬೋರ್ಡಿನಲ್ಲಿ ಬರೆದಿಟ್ಟರೆ ಪ್ರಶ್ನೆಗಳ ಮಟ್ಟ ಮೆಲ್ಲಗೆ ಏರುತ್ತದೆ.

*ಸಾರ ಹೇಳುವುದು.* ಎಲ್ಲಕ್ಕಿಂತ ಕಷ್ಟದ್ದು. ಸಾರಾಂಶ ಬರೆ ಅಂದರೆ ಮಕ್ಕಳು ಒಂದೆರಡು ವಾಕ್ಯ ಬಿಟ್ಟು ಉಳಿದದ್ದನ್ನು ಹಾಗೇ ನಕಲು ಮಾಡುತ್ತಾರೆ. ಅದು ಸೋಮಾರಿತನ ಅಲ್ಲ. ಬ್ರೌನ್ ಮತ್ತು ಡೇ 1983ರಲ್ಲಿ ನಡೆಸಿದ ಅಧ್ಯಯನದಲ್ಲೂ ಬೇಡದ್ದನ್ನು ಅಳಿಸುವುದು ಚಿಕ್ಕ ಮಕ್ಕಳಿಗೆ ಬರುತ್ತಿತ್ತು, ಮುಖ್ಯ ವಿಷಯವನ್ನು ತಾವೇ ಒಂದು ವಾಕ್ಯ ಮಾಡಿ ಕಟ್ಟುವುದು ದೊಡ್ಡ ತರಗತಿಯವರಿಗೂ ಕಷ್ಟವಾಗಿತ್ತು.

ಹಾಗಾಗಿ ಮೆಟ್ಟಿಲು ಮಾಡಿ ಕೊಡಿ. ಕತೆಗೆ ಐದು ಪ್ರಶ್ನೆ ಸಾಕು: ಯಾರು? ಅವರಿಗೆ ಏನು ಬೇಕಿತ್ತು? ಏನು ಅಡ್ಡ ಬಂತು? ಏನು ಮಾಡಿದರು? ಕೊನೆಗೆ ಏನಾಯಿತು? ಐದು ಬೆರಳು ಮಡಚುತ್ತಾ ಬಾಯಲ್ಲಿ ಹೇಳಿಸಿ. ಬರೆಸುವುದು ಆಮೇಲೆ. ಮಾಹಿತಿ ಬರಹಕ್ಕೆ ಈ ಐದು ಒಗ್ಗುವುದಿಲ್ಲ. ಅಲ್ಲಿ ಪ್ಯಾರಾ ಪ್ಯಾರಾವೇ ಹೋಗಬೇಕು: ಈ ಪ್ಯಾರಾ ಯಾವುದರ ಬಗ್ಗೆ? ಅದರ ಬಗ್ಗೆ ಹೇಳಿದ ದೊಡ್ಡ ಮಾತು ಯಾವುದು? ಎರಡನ್ನೂ ಸೇರಿಸಿ ಹತ್ತು ಹನ್ನೆರಡು ಪದದ ಒಂದು ವಾಕ್ಯ. ಪದದ ಮಿತಿ ಇಟ್ಟರೆ ನಕಲು ಮಾಡಲು ಜಾಗವೇ ಸಿಗುವುದಿಲ್ಲ. ಮಕ್ಕಳಿಗೆ ಅದು ಪಂದ್ಯದ ಹಾಗೆ ಖುಷಿ ಕೊಡುತ್ತದೆ.

*ಮುಂದೇನು ಎಂದು ಊಹಿಸುವುದು, ಮನಸ್ಸಿನಲ್ಲಿ ಚಿತ್ರ ಕಟ್ಟುವುದು.* ಇವೆರಡೂ ಸುಲಭ, ಅದಕ್ಕೇ ಅತಿಯಾಗಿ ಬಳಕೆಯಾಗುತ್ತವೆ. ಮುಖಪುಟ ತೋರಿಸಿ ಹದಿನೈದು ಊಹೆ ಕೇಳಿ ಕಾಲು ಗಂಟೆ ಕಳೆಯುವುದು ಬೇಡ. ಎರಡು ಊಹೆ ತೆಗೆದುಕೊಂಡು ಓದಲು ಶುರುಮಾಡಿ. ನಡುವೆ ನಿಂತು ‘ನಮ್ಮ ಊಹೆ ಇನ್ನೂ ನಿಂತಿದೆಯೇ?’ ಎಂದು ಕೇಳಿ. ವಾಪಸ್ ಬಂದು ನೋಡದ ಊಹೆಯಿಂದ ಏನೂ ಪ್ರಯೋಜನವಿಲ್ಲ. ಚಿತ್ರದ ವಿಷಯದಲ್ಲಿ ಎರಡು ನಿಮಿಷದ ಒರಟು ಗೀಟು ಸಾಕು. ಬಣ್ಣ ತುಂಬಲು ಕೂತರೆ ಅದು ಚಿತ್ರಕಲೆಯ ಪೀರಿಯಡ್.

ಮಾಹಿತಿ ಬರಹಕ್ಕೆ ಬೇರೆ ನಡಿಗೆ

ಕತೆ ಓದಲು ಬರುವ ಮಗುವಿಗೆ ವಿಜ್ಞಾನದ ಪಾಠ ಓದಲು ಬರುತ್ತದೆ ಎಂದೇನಿಲ್ಲ. ಅಲ್ಲಿ ಕಟ್ಟಡವೇ ಬೇರೆ. ಒಂದು ಬರಹ ಕಾರಣ ಮತ್ತು ಪರಿಣಾಮ ಹೇಳುತ್ತದೆ, ಒಂದು ಎರಡು ವಸ್ತುಗಳನ್ನು ಹೋಲಿಸುತ್ತದೆ, ಇನ್ನೊಂದು ಹಂತ ಹಂತವಾಗಿ ಒಂದು ಕ್ರಿಯೆ ವಿವರಿಸುತ್ತದೆ. ‘ಇದರಿಂದಾಗಿ’ ಎಂದು ಕಂಡರೆ ಕಾರಣ ಹಿಂದೆ ಇದೆ, ‘ಆದರೆ ಇದು’ ಎಂದು ಕಂಡರೆ ಹೋಲಿಕೆ ಬಂತು ಎಂದು ಸುಳಿವಿನ ಪದಗಳನ್ನು ಹಿಡಿಯಲು ಕಲಿಸಿ. ಆಮೇಲೆ ಅದಕ್ಕೆ ಹೊಂದುವ ಚಿತ್ರ: ಹೋಲಿಕೆಗೆ ಎರಡು ಅಂಕಣ, ಹಂತಗಳಿಗೆ ಬಾಣದ ಸಾಲು.

ಡೊನ್ನಾ ಓಗಲ್ 1986ರಲ್ಲಿ ಪ್ರಕಟಿಸಿದ ಮೂರು ಅಂಕಣದ ಪಟ್ಟಿ ಅನೇಕರಿಗೆ ಗೊತ್ತು: ನನಗೇನು ಗೊತ್ತು, ಏನು ತಿಳಿಯಬೇಕು, ಏನು ತಿಳಿದೆ. ಒಳ್ಳೆಯದೇ, ಆದರೆ ಒಂದು ಗುಂಡಿ ಇದೆ. ಮೊದಲ ಅಂಕಣದಲ್ಲಿ ಮಕ್ಕಳು ಹೇಳುವುದರಲ್ಲಿ ತಪ್ಪುಗಳೂ ಇರುತ್ತವೆ. ‘ಬಾವಲಿಗೆ ಕಣ್ಣು ಕಾಣುವುದಿಲ್ಲ’ ಎಂದು ಬೋರ್ಡಿನ ಮೇಲೆ ನಿಮ್ಮ ಕೈಯಿಂದಲೇ ಬರೆದಿರಿ ಅಂದುಕೊಳ್ಳಿ. ಅದು ಮಕ್ಕಳ ಪಾಲಿಗೆ ಸತ್ಯವಾಗಿಬಿಡುತ್ತದೆ. ಆ ಅಂಕಣದ ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ ಗುರುತು ಹಾಕಿ, ಓದಿದ ಮೇಲೆ ಒಂದೊಂದನ್ನೇ ಒರೆಸಿ ಅಥವಾ ಉಳಿಸಿ.

ಕೈ ಬಿಡುವ ಹಂತ

ಕೆಲಸದ ಭಾರ ಶಿಕ್ಷಕರಿಂದ ಮಗುವಿಗೆ ಮೆಲ್ಲಮೆಲ್ಲಗೆ ದಾಟಬೇಕು ಎಂಬ ಮಾದರಿಯನ್ನು ಪಿಯರ್ಸನ್ ಮತ್ತು ಗ್ಯಾಲಗರ್ 1983ರಲ್ಲಿ ಮುಂದಿಟ್ಟರು. ನಾನು ಮಾಡುತ್ತೇನೆ ನೋಡಿ, ಎಲ್ಲರೂ ಸೇರಿ ಮಾಡೋಣ, ಇಬ್ಬಿಬ್ಬರಾಗಿ ಮಾಡಿ, ಒಬ್ಬರೇ ಮಾಡಿ. ಹೇಳಲು ಸುಲಭ. ನಡುವಿನ ಎರಡು ಮೆಟ್ಟಿಲುಗಳನ್ನು ಹಾರಿಬಿಡುವುದೇ ಜಾಸ್ತಿ. ಸೋಮವಾರ ತೋರಿಸಿ ಮಂಗಳವಾರ ‘ಈಗ ನೀವೇ ಮಾಡಿ’ ಅಂದರೆ, ಮೊದಲೇ ಬರುತ್ತಿದ್ದ ನಾಲ್ಕು ಮಕ್ಕಳು ಮಾಡುತ್ತಾರೆ. ಉಳಿದವರು ಅವರ ಪುಸ್ತಕ ನೋಡುತ್ತಾರೆ.

ನಡುವಿನ ಮೆಟ್ಟಿಲಿಗೆ ಒಳ್ಳೆಯ ದಾರಿ 1984ರಲ್ಲಿ ಪಾಲಿಂಕ್ಸರ್ ಮತ್ತು ಬ್ರೌನ್ ವಿವರಿಸಿದ ‘ಪರಸ್ಪರ ಬೋಧನೆ’. ಗುಂಪಿನಲ್ಲಿ ಮಕ್ಕಳು ಸರದಿಯಂತೆ ಮೇಷ್ಟ್ರಾಗುತ್ತಾರೆ. ಒಂದು ಪ್ಯಾರಾ ಓದುತ್ತಾರೆ. ಆ ಹೊತ್ತಿನ ಪುಟ್ಟ ಮೇಷ್ಟ್ರು ಒಂದು ಪ್ರಶ್ನೆ ಕೇಳಬೇಕು, ಸಾರ ಹೇಳಬೇಕು, ಗೊಂದಲವಿದ್ದಲ್ಲಿ ಬಿಡಿಸಬೇಕು, ಮುಂದೇನು ಬರಬಹುದು ಎಂದು ಊಹಿಸಬೇಕು. ಮುಂದಿನ ಪ್ಯಾರಾಗೆ ಇನ್ನೊಬ್ಬರು. 1994ರಲ್ಲಿ ರೋಸೆನ್‌ಶೈನ್ ಮತ್ತು ಮೀಸ್ಟರ್ ಇಂಥ 16 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಒಟ್ಟಿನಲ್ಲಿ ಲಾಭ ಕಂಡಿತು. ಸಂಶೋಧಕರು ತಾವೇ ಮಾಡಿದ ಪರೀಕ್ಷೆಗಳಲ್ಲಿ ಆ ಲಾಭ ದೊಡ್ಡದಿತ್ತು, ಸಾಮಾನ್ಯ ಪ್ರಮಾಣಿತ ಪರೀಕ್ಷೆಗಳಲ್ಲಿ ಸಣ್ಣದು.

ನಾಲ್ಕು ಕೆಲಸವನ್ನೂ ಒಂದೇ ಮಗುವಿನ ಮೇಲೆ ಹೇರುವುದು ಕಷ್ಟವಾದರೆ ನಾಲ್ಕು ಜನರ ಗುಂಪು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಕೊಡಿ. ಆಗ ಬರುವ ತೊಂದರೆ ಇನ್ನೊಂದು. ‘ನನ್ನ ಚೀಟಿ ಊಹೆ, ನಾನು ಊಹಿಸಿದೆ, ಮುಗೀತು’ ಎಂದು ಪ್ರತಿಯೊಬ್ಬರೂ ತಮ್ಮ ಪಾಲು ಒಪ್ಪಿಸಿ ಕೂರುತ್ತಾರೆ, ಮಾತುಕತೆ ಹುಟ್ಟುವುದಿಲ್ಲ. ಇದಕ್ಕೆ ಒಂದು ನಿಯಮ ಸೇರಿಸಿ: ಒಬ್ಬರು ಹೇಳಿದ ಮೇಲೆ ಇನ್ನೊಬ್ಬರು ‘ಒಪ್ಪುತ್ತೇನೆ, ಯಾಕಂದರೆ’ ಅಥವಾ ‘ನನಗೆ ಹಾಗನ್ನಿಸಲಿಲ್ಲ, ಯಾಕಂದರೆ’ ಎಂದು ಒಂದು ವಾಕ್ಯ ಹೇಳಲೇಬೇಕು. ಗಲಾಟೆ ಜಾಸ್ತಿಯಾಗುತ್ತದೆ. ಪಾಠದ ಬಗ್ಗೆ ಗಲಾಟೆಯಾದರೆ ಆಗಲಿ ಬಿಡಿ.

ಎಷ್ಟು ದಿನ, ಎಷ್ಟು ಹೊತ್ತು

ಒಂದು ತಂತ್ರಕ್ಕೆ ಸುಮಾರು ಎರಡು ವಾರ ಇಟ್ಟುಕೊಳ್ಳಿ. ಮೊದಲ ಎರಡು ಮೂರು ದಿನ ನೀವು ಗಟ್ಟಿಯಾಗಿ ಯೋಚಿಸಿ ತೋರಿಸುವುದು, ಹದಿನೈದು ನಿಮಿಷ ಸಾಕು. ಆಮೇಲೆ ಎರಡು ದಿನ ಒಟ್ಟಿಗೆ, ಮೂರು ನಾಲ್ಕು ದಿನ ಜೋಡಿಗಳಲ್ಲಿ. ಉಳಿದ ದಿನ ಒಬ್ಬೊಬ್ಬರೇ, ಹೊಸ ಗದ್ಯಭಾಗದ ಮೇಲೆ. ಗದ್ಯಭಾಗ ಹೊಸದಾಗಿರಲೇಬೇಕು. ಈಗಾಗಲೇ ಚರ್ಚಿಸಿದ ಪಾಠದಲ್ಲಿ ಮಗು ತೋರಿಸುವುದು ನೆನಪಿನ ಶಕ್ತಿ.

ಆಮೇಲೆ ಅದನ್ನು ಪಾಠ ಮಾಡುವುದು ನಿಲ್ಲಿಸಿ. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ನೇ ಇಸವಿಯ ವರದಿಯಲ್ಲಿ ತಂತ್ರಗಳನ್ನು ಕಲಿಸುವುದು ಫಲ ಕೊಡುತ್ತದೆ, ಕೆಲವನ್ನು ಜೋಡಿಸಿ ಬಳಸುವುದು ಇನ್ನೂ ಒಳ್ಳೆಯದು ಎಂದಿತು. ಮನಶ್ಶಾಸ್ತ್ರಜ್ಞ ಡೇನಿಯಲ್ ವಿಲ್ಲಿಂಗ್‌ಹ್ಯಾಮ್ ಅದೇ ಬಗೆಯ ಸಂಶೋಧನೆಗಳನ್ನು ನೋಡಿ, ಸ್ವಲ್ಪ ದಿನ ಕಲಿಸಿದರೂ ತುಂಬ ದಿನ ಕಲಿಸಿದರೂ ಲಾಭ ಹೆಚ್ಚುಕಡಿಮೆ ಅಷ್ಟೇ ಎಂದು ತೋರಿಸಿದರು. ಇದು ನನಗೆ ಸರಿ ಕಾಣುತ್ತದೆ. ತಿಂಗಳುಗಟ್ಟಲೆ ‘ಈ ತಿಂಗಳು ಸಾರಾಂಶ’ ಎಂದು ಕೂತರೆ ಮಕ್ಕಳು ಕತೆ ಮರೆತು ಅಂಕಣ ತುಂಬುವುದರಲ್ಲೇ ಮುಳುಗುತ್ತಾರೆ. ವರ್ಷಕ್ಕೆ ಮೂರು ನಾಲ್ಕು ತಂತ್ರ ಚೆನ್ನಾಗಿ ಕಲಿಸಿ. ಉಳಿದ ಹೊತ್ತೆಲ್ಲ ಓದಲಿಕ್ಕೆ, ಓದಿದ್ದರ ಬಗ್ಗೆ ಮಾತಾಡಲಿಕ್ಕೆ ಇರಲಿ.

ಅರ್ಥವಾಯಿತೇ ಎಂದು ತಿಳಿಯುವುದು

‘ಅರ್ಥ ಆಯ್ತಾ?’ ಎಂದು ಕೇಳಿದರೆ ‘ಆಯ್ತು ಮಿಸ್’ ಎಂದು ಒಕ್ಕೊರಲಿನ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಮಗುವನ್ನು ಹತ್ತಿರ ಕೂರಿಸಿಕೊಂಡು ಓದಿದ್ದನ್ನು ಹೇಳಿಸಿ. ದಿನಕ್ಕೆ ಮೂರು ನಾಲ್ಕು ಮಕ್ಕಳು, ಒಬ್ಬರಿಗೆ ಮೂರು ನಿಮಿಷ. ಉಳಿದವರು ಆಗ ಮೌನವಾಗಿ ಓದುತ್ತಿರಲಿ. ನಿಮ್ಮ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಒಂದೇ ಸಾಲು ಬರೆಯಿರಿ: ಮುಖ್ಯ ಘಟನೆ ಬಂತೇ, ಯಾಕೆ ನಡೆಯಿತು ಎಂಬುದು ಬಂತೇ, ಪಾಠದಲ್ಲಿ ಇಲ್ಲದ್ದು ಸೇರಿತೇ, ‘ಯಾವ ವಾಕ್ಯ’ ಎಂದರೆ ತೋರಿಸಿತೇ. ಎರಡು ತಿಂಗಳ ಸಾಲುಗಳನ್ನು ಒಟ್ಟಿಗೆ ನೋಡಿದರೆ ಅಂಕಪಟ್ಟಿಯಲ್ಲಿ ಸಿಗದ ವಿಷಯ ಸಿಗುತ್ತದೆ.

ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿದ್ದರೆ ಮೊದಲು ಅವರ ಭಾಷೆಯಲ್ಲೇ ಹೇಳಲು ಬಿಡಿ. ನಿಮಗೆ ಆ ಭಾಷೆ ಬಾರದಿದ್ದರೆ ಅದು ಬರುವ ಇನ್ನೊಂದು ಮಗುವಿನ ಜೊತೆ ಹೇಳಿಕೊಳ್ಳಲಿ. ಅರ್ಥವಾಗಿದೆ, ಹೇಳಲು ಪದ ಸಿಗುತ್ತಿಲ್ಲ ಎನ್ನುವುದೂ ಅರ್ಥವೇ ಆಗಿಲ್ಲ ಎನ್ನುವುದೂ ಹೊರಗಿನಿಂದ ನೋಡಲು ಒಂದೇ ಥರ ಕಾಣುತ್ತವೆ.

ಇಷ್ಟೆಲ್ಲ ಆದ ಮೇಲೂ ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಬರೆಸಬೇಕಲ್ಲ, ಅದನ್ನು ತಪ್ಪಿಸುವ ಹಾಗಿಲ್ಲ. ಅದನ್ನು ಕೊನೆಯ ದಿನಕ್ಕೆ ಇಡಿ. ಪುಸ್ತಕ ಮುಚ್ಚಿಸಿ, ಜೋಡಿಗಳಲ್ಲಿ ಉತ್ತರವನ್ನು ಬಾಯಲ್ಲಿ ಹೇಳಿಸಿ. ಆಮೇಲೆ ಪುಸ್ತಕ ತೆರೆದು, ಆಧಾರದ ವಾಕ್ಯದ ಕೆಳಗೆ ಪೆನ್ಸಿಲ್ ಗೆರೆ ಎಳೆಸಿ. ಮತ್ತೆ ಮುಚ್ಚಿಸಿ ಬರೆಸಿ. ನೋಟ್ಸ್ ತಿದ್ದುವಾಗ ಇಡೀ ತರಗತಿಯ ಉತ್ತರ ಅಕ್ಷರ ಅಕ್ಷರವೂ ಒಂದೇ ಆಗಿದ್ದರೆ ಆ ಪ್ರಶ್ನೆ ಯಾವ ಬಗೆಯದು ನೋಡಿ. ಒಂದೇ ವಾಕ್ಯದಲ್ಲಿ ಉತ್ತರ ಇರುವಂಥದ್ದಾದರೆ ಸರಿ. ‘ತಲೆಯಲ್ಲಿದೆ’ ಬಗೆಯ ಪ್ರಶ್ನೆಗೂ ಎಲ್ಲರ ಉತ್ತರ ಒಂದೇ ಆಗಿದ್ದರೆ, ಮುಂದಿನ ಪಾಠವನ್ನು ಮತ್ತೆ ಪುಸ್ತಕ ಎದೆಗೆ ಒತ್ತಿ ಹಿಡಿಯುವಲ್ಲಿಂದಲೇ ಶುರುಮಾಡಿ.